ಪಾಯಿಂಟ್ ಬದಲಿಸಲು ಮೋಟಾರ್ ಬೇಕೇ ಬೇಕಾ?

ಪ್ರಶ್ನೆ: ಸರ್, ಮನೆಯಲ್ಲಿ ಎಚ್‌ಒ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲು) ಮಾದರಿ ರೈಲು ಹಾಕುತ್ತಿದ್ದೇನೆ. ಆರು ಕಡೆ ಹಳಿ ಕವಲೊಡೆಯುತ್ತದೆ, ಅಲ್ಲೆಲ್ಲ ರೈಲಿನ ದಾರಿ ಬದಲಿಸುವ ಪಾಯಿಂಟ್ ಬೇಕು. ಎಲ್ಲಕ್ಕೂ ಮೋಟಾರ್ ಹಾಕುವಷ್ಟು ದುಡ್ಡಿಲ್ಲ. ಕೈಯಿಂದ ಬದಲಿಸುವ ಪಾಯಿಂಟ್ ಯಾವುದು ತಗೊಳ್ಳಲಿ?

ಉತ್ತರ: ಕೈಗೆ ಎಟುಕುವ ಕಡೆ ಮೋಟಾರ್ ಬೇಡವೇ ಬೇಡ, ಸುಮ್ನೆ ಖರ್ಚು. ಪೆಕೊ ಕಂಪನಿಯ ಪಾಯಿಂಟ್ ನೋಡಿ. ಅದರೊಳಗೇ ಪುಟ್ಟ ಸ್ಪ್ರಿಂಗ್ ಇರುತ್ತದೆ, ಬೆರಳಲ್ಲಿ ತಳ್ಳಿದರೆ ಟಕ್ ಅಂತ ಆ ಕಡೆ ಕೂತು ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ, ಹಾಗಾಗಿ ಬೇರೆ ಲಿವರ್ ಕೊಳ್ಳುವ ಗೋಜಿಲ್ಲ. ಅದರಲ್ಲಿ ಕೋಡ್ 100 ತಗೊಳ್ಳಿ, ಕೋಡ್ ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ ಹಳಿಯ ಎತ್ತರ. ಆ ಹಳಿ ಸುಮಾರು 2.5 ಮಿ.ಮೀ. ಎತ್ತರ ಇರುವುದರಿಂದ ಹಳೆಯ ಬೋಗಿಗಳ ಆಳವಾದ ಅಂಚಿನ ಚಕ್ರವೂ ತೊಂದರೆಯಿಲ್ಲದೆ ಓಡುತ್ತದೆ.

ಸ್ಪ್ರಿಂಗ್ ಇಲ್ಲದ ಪಾಯಿಂಟ್ ಅಗ್ಗಕ್ಕೆ ಸಿಕ್ಕಿದೆಯಾ? ಅದನ್ನೂ ಬಿಡಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಆರು ಕಾಲಿನ ಸ್ಲೈಡ್ ಸ್ವಿಚ್ ತಂದು, ಅದರ ಗುಂಡಿಗೆ ಸಣ್ಣ ತೂತು ಕೊರೆದು, ಗಟ್ಟಿ ಉಕ್ಕಿನ ತಂತಿಯಿಂದ ಪಾಯಿಂಟಿನ ಅಡ್ಡಪಟ್ಟಿಗೆ (ಚಲಿಸುವ ಹಳಿಗಳನ್ನು ಆಚೀಚೆ ಸರಿಸುವ ಪಟ್ಟಿ) ಜೋಡಿಸಿ. ತಂತಿಯ ಮಧ್ಯೆ ಒಂದು ಬಳುಕು ಕೊಡುವುದನ್ನು ಮರೆಯಬೇಡಿ, ಸ್ವಿಚ್ ಪಾಯಿಂಟಿಗಿಂತ ಜಾಸ್ತಿ ದೂರ ಸರಿದರೆ ಆ ಬಳುಕು ತಡೆದುಕೊಳ್ಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಹಳಿಗಳು ಒಂದನ್ನೊಂದು ದಾಟುವ ಜಾಗಕ್ಕೆ ಫ್ರಾಗ್ ಅಂತಾರೆ ಅಲ್ವಾ, ಅದು ಲೋಹದ್ದಾಗಿದ್ದರೆ ಕರೆಂಟ್ ಬದಲಿಸುವ ಕೆಲಸವನ್ನೂ ಇದೇ ಸ್ವಿಚ್ ಮಾಡುತ್ತದೆ. ಪ್ಲಾಸ್ಟಿಕ್ ಫ್ರಾಗ್‌ಗೆ ವೈರಿಂಗ್ ಬೇಕಿಲ್ಲ, ಆದರೆ ಅಲ್ಲಿ ಕರೆಂಟ್ ಸಿಗದ ಕಾರಣ ನಾಲ್ಕು ಚಕ್ರದ ಪುಟ್ಟ ಎಂಜಿನ್ ನಿಧಾನಕ್ಕೆ ಬಂದರೆ ಅಲ್ಲೇ ನಿಂತುಬಿಡಬಹುದು.