ಗಜೇಂದ್ರಗಡದ ಕಡೆ ನೇಯುವ ಇಳಕಲ್ ಸೀರೆಯಲ್ಲಿ ಸೆರಗನ್ನು ಒಡಲಿಗೆ ಹೇಗೆ ಸೇರಿಸುತ್ತಾರೆ? ಹೊಲಿಯುತ್ತಾರಾ?

ಹೊಲಿಗೆ ಇಲ್ಲ, ಕೊಂಡಿ ಹಾಕುತ್ತಾರೆ. ಈ ಜೋಡಣೆಗೆ ‘ಟೋಪು ತೆನಿ’ ಅಂತ ಹೆಸರು.

ಒಡಲಿನ ಹಾಸು (ಉದ್ದದ ಎಳೆಗಳು) ಹೆಚ್ಚಾಗಿ ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ (ಅಗ್ಗದ ಸೀರೆಯಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ). ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸುತ್ತ ಅಗಲಪೂರ್ತಿ ಹೀಗೇ ಸೇರಿಸಿ, ಆಮೇಲೆ ನೇಯುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದು. ಅದಕ್ಕೇ 6, 8 ಅಥವಾ 9 ಗಜದ ಒಂದೇ ಸೀರೆಯಷ್ಟು ಹಾಸು ಸಿದ್ಧಮಾಡುವುದು. ಕೊಂಡಿಗಳ ಬಿಗುವು ಸಮ ಇರಬೇಕು. ಸಡಿಲ ಎಳೆ ಜೋತುಬಿದ್ದು, ಅಡ್ಡ ಎಳೆ ಒಯ್ಯುವ ಲಾಳಿಗೆ ಸಿಕ್ಕುತ್ತದೆ, ಅತಿ ಬಿಗಿಯಾದದ್ದು ಹರಿಯುತ್ತದೆ, ಜೋಡಣೆಯ ಗೆರೆ ಸುಕ್ಕಾಗುತ್ತದೆ.

ಸೆರಗಿನಲ್ಲಿ 3 ಕೆಂಪು ಪಟ್ಟಿ, ನಡುವೆ 2 ಬಿಳಿ ಪಟ್ಟಿ. ಕೆಂಪು-ಬಿಳಿ ಸೇರುವಲ್ಲಿ ಹಲ್ಲುಹಲ್ಲಾಗಿ ಕಾಣುವುದು ಹಣಿಗೆ (ಬಾಚಣಿಗೆ), ಕೋಟೆಕೊಮ್ಮೆ (ಕೋಟೆಗೋಡೆಯ ಮೇಲಿನ ಹಲ್ಲುಸಾಲು) ಅಥವಾ ಜೋಳದ ತೆನೆಯ ವಿನ್ಯಾಸ.

ಹುಬ್ಬಳ್ಳಿ ಅಂಗಡಿಯಲ್ಲಿ ಕೊಳ್ಳುವಾಗ ಸೀರೆ ತಿರುವಿ, ಸೆರಗು ಶುರುವಾಗುವ ಜಾಗ ನೋಡಿ. ಉದ್ದದ ಎಳೆಗಳ ಬಣ್ಣ ಅಲ್ಲೇ ಬದಲಾಗಬೇಕು. ಒಡಲಿನ ಕಪ್ಪೋ ಹಸಿರೋ ಎಳೆ ಸೆರಗಿನೊಳಗೂ ಮುಂದುವರಿದು ಕೆಂಪು ಮಂಕಾಗಿದ್ದರೆ ಅದು ಟೋಪು ತೆನಿ ಅಲ್ಲ, ಅಂಗಡಿಯವರು ಏನೇ ಅನ್ನಲಿ.