ಲಿಕ್ವಿಡ್ ಒಡೆದದ್ದು ನೀವು ಹಾಕಿದ ಉಪ್ಪಿನಿಂದಲೇ

ಪ್ರಶ್ನೆ: ಬದಿಯಡ್ಕ ಕಡೆಯವರು ನಾವು, ಮನೆಯಲ್ಲೇ ನೆಲ ಒರೆಸುವ ಲಿಕ್ವಿಡ್ ಮಾಡುತ್ತೇವೆ. ಎನ್‌ಪಿ-9 (ನೊನೈಲ್‌ಫೀನಾಲ್ ಇಥಾಕ್ಸಿಲೇಟ್ ಎಂಬ ಕೊಳೆ ಬಿಡಿಸುವ ದ್ರವ) ಹಾಕಿ, ದಪ್ಪ ಬರಲೆಂದು ಲೀಟರಿಗೆ 60 ಗ್ರಾಂ ಉಪ್ಪು ಸೇರಿಸಿದೆವು. ರಾತ್ರಿ ತಿಳಿಯಾಗಿತ್ತು. ಮರುದಿನ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ ಹಾಲಿನಂತಾಗಿ, ಸಂಜೆಗೆ ಎರಡು ಪದರವಾಯಿತು. ಚೆಲ್ಲಬೇಕೇ?

ಉತ್ತರ: ಚೆಲ್ಲಬೇಡಿ. ತಣ್ಣಗಾದ ಮೇಲೆ ಕಲಕಿದರೆ ತಿಳಿಯಾಗುತ್ತದೆ, ಬಿಸಿ ತಾಗಿದರೆ ಮತ್ತೆ ಒಡೆಯುತ್ತದೆ. ಉಪ್ಪಿನಿಂದ ದಪ್ಪವಾಗುವುದು ಎಸ್‌ಎಲ್‌ಇಎಸ್‌ನಂಥ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್, ಶಾಂಪೂವಿನ ನೊರೆಯ ವಸ್ತು) ಋಣ ವಿದ್ಯುದಂಶದ ಸಾಬೂನು ವಸ್ತು. ಎನ್‌ಪಿ-9ಕ್ಕೆ ವಿದ್ಯುದಂಶವೇ ಇಲ್ಲ, ಉಪ್ಪು ಅದನ್ನು ದಪ್ಪ ಮಾಡದೆ ಒಡೆಯುತ್ತದೆ. ಅರ್ಧ ದಿನದ ತರಬೇತಿಗೆ ದುಡ್ಡು ಪೀಕುವವರು ಈ ವ್ಯತ್ಯಾಸ ಹೇಳುವುದಿಲ್ಲ, ವಾಟ್ಸಾಪ್ ರೆಸಿಪಿಗಳಂತೂ ಎಲ್ಲಕ್ಕೂ ಉಪ್ಪೇ ಸುರಿಸುತ್ತವೆ.

ಎನ್‌ಪಿ-9 ನೀರಿನಲ್ಲಿ ನಿಲ್ಲುವುದು ಅದರ ನೀರಿಗೊಲಿಯುವ ಸರಪಳಿಯ ಆಮ್ಲಜನಕಗಳನ್ನು ನೀರಿನ ಅಣುಗಳು ಹಿಡಿದುಕೊಂಡಿರುವುದರಿಂದ. ಬಿಸಿಯೇರಿದಂತೆ ಆ ಹಿಡಿತ ಸಡಿಲಾಗಿ ಮೈಸೆಲ್‌ಗಳು (ಅದರ ಅಣುಗಳು ಗುಂಪುಗೂಡಿದ ಸಣ್ಣ ಉಂಡೆಗಳು) ಒಂದಕ್ಕೊಂದು ಅಂಟುತ್ತವೆ, ದ್ರಾವಣ ಬೆಳ್ಳಗಾಗುತ್ತದೆ. ಅದೇ ಕ್ಲೌಡ್ ಪಾಯಿಂಟ್. ಬರೀ ನೀರಿನಲ್ಲಿ 1% ಎನ್‌ಪಿ-9ಕ್ಕೆ ಅದು ಸುಮಾರು 54 ಡಿಗ್ರಿ. ಕ್ಲೋರೈಡ್ ನೀರನ್ನು ತನ್ನತ್ತ ಸೆಳೆಯುವುದರಿಂದ ನಿಮ್ಮ 60 ಗ್ರಾಂ ಅದನ್ನು ಹತ್ತು ಡಿಗ್ರಿಯ ಆಸುಪಾಸು ಇಳಿಸುತ್ತದೆ. ಸುಗಂಧದ ಎಣ್ಣೆ ಇನ್ನೂ ಇಳಿಸಬಹುದು. ಏಪ್ರಿಲಿನ ಶೀಟಿನಡಿ ಉಳಿದೀತೇ? ಸೋಡಾ ಪುಡಿ, ಸೋಡಿಯಂ ಸಲ್ಫೇಟ್, ಫಾಸ್ಫೇಟ್ ಇದಕ್ಕಿಂತ ಕೆಟ್ಟವು. ಕಾಸ್ಟಿಕ್ ಸೋಡಾ ಕೂಡ ಇಳಿಸುವ ಜಾತಿಯದೇ.

ಮೊದಲು ಉಪ್ಪು ಬಿಡಿ. ಎನ್‌ಪಿ-9ರ ಹತ್ತರಲ್ಲೊಂದು ಪಾಲಿನ ಬದಲು ಎಸ್‌ಎಲ್‌ಇಎಸ್ ಹಾಕಿ: ಮೈಸೆಲ್‌ಗಳಿಗೆ ವಿದ್ಯುದಂಶ ಬಂದು ಒಂದನ್ನೊಂದು ದೂರ ತಳ್ಳುತ್ತವೆ, ಕ್ಲೌಡ್ ಪಾಯಿಂಟ್ ಚೆನ್ನಾಗಿ ಏರುತ್ತದೆ. ಉಪ್ಪು ಉಳಿದಿದ್ದರೆ ಆ ತಳ್ಳಾಟವನ್ನೂ ಅದು ಮರೆಮಾಡುತ್ತದೆ. ದಪ್ಪ ಬೇಕೇ ಬೇಕೆಂದರೆ 0.3ರಿಂದ 0.5% ಕ್ಸಾಂತನ್ ಗಮ್ ಸಾಕು. ಮೊದಲು ಗ್ಲಿಸರಿನ್‌ನಲ್ಲಿ ನೆನೆಸದಿದ್ದರೆ ಗಂಟುಗಟ್ಟುತ್ತದೆ. ತಿಳಿಯಾಗಿ ಕಾಣುವ ದರ್ಜೆಯದನ್ನು ಕೇಳಿ ತನ್ನಿ, ಪ್ರಿಸರ್ವೇಟಿವ್ ಮರೆಯಬೇಡಿ. ಎಚ್‌ಪಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ, ದಪ್ಪ ಬರಿಸುವ ಪುಡಿ) ಬೇಡ, ಅದೂ ಬಿಸಿಗೆ, ಉಪ್ಪಿಗೆ ಸೋಲುತ್ತದೆ.

ಬಾಟಲಿಗೆ ತುಂಬುವ ಮುಂಚೆ ಪರೀಕ್ಷಿಸಿ. ಗಾಜಿನ ಲೋಟದಲ್ಲಿ 50 ಮಿ.ಲೀ. ತೆಗೆದು ಬಿಸಿನೀರಿನ ಪಾತ್ರೆಯಲ್ಲಿಡಿ, ಥರ್ಮಾಮೀಟರ್ ಇಳಿಬಿಟ್ಟು ಕಲಕುತ್ತಾ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ. ಹಾಲಿನಂತಾದ ಮೇಲೆ ಹೊರಗೆ ತೆಗೆದು ತಣಿಯಲು ಬಿಡಿ, ಮತ್ತೆ ತಿಳಿಯಾದ ಉಷ್ಣತೆಯನ್ನೇ ಬರೆದಿಡಿ. ನಿಮ್ಮ ಶೆಡ್ಡಿನ ಅತಿ ಹೆಚ್ಚಿನ ಉಷ್ಣತೆಗಿಂತ ಅದು 10 ಡಿಗ್ರಿಯಾದರೂ ಮೇಲಿರಲಿ. ಇಷ್ಟು ಮಾಡದೆ ಮಾರಿದರೆ ಅಂಗಡಿಯವರು ವಾಪಸು ಕೊಡುತ್ತಾರೆ, ಅದರಲ್ಲಿ ಅವರದ್ದೇನೂ ತಪ್ಪಿಲ್ಲ.

ಪ್ರಶ್ನೆ: ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿದರೆ?

ಉತ್ತರ: ಅದರಲ್ಲಿರುವುದೂ ಅದೇ ಕ್ಲೋರೈಡ್.

ಪ್ರಶ್ನೆ: ಕುಂಬಳೆಯ ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದಕ್ಕೇ ಒಡೆಯುತ್ತದೆಯೇ?

ಉತ್ತರ: ಲೀಟರಿಗೆ 2 ಗ್ರಾಂ ಉಪ್ಪಿದ್ದರೂ ಕ್ಲೌಡ್ ಪಾಯಿಂಟ್ ಅರ್ಧ ಡಿಗ್ರಿಯಷ್ಟೂ ಇಳಿಯದು. ಬಾವಿಯನ್ನು ದೂರಬೇಡಿ.

ಪ್ರಶ್ನೆ: ಹೆಸರಿಲ್ಲದ ಪ್ಯಾಕೆಟಿನಲ್ಲಿ ‘ಕ್ಲಿಯರ್ ಪೌಡರ್’ ಮಾರುತ್ತಾರೆ. ಕೊಳ್ಳಬಹುದೇ?

ಉತ್ತರ: ಒಳಗೇನಿದೆ ಎಂದು ಬರೆಯದ ಯಾವ ಪುಡಿಯನ್ನೂ ಕೊಳ್ಳಬೇಡಿ. ಯೂರಿಯಾ ಕ್ಲೌಡ್ ಪಾಯಿಂಟ್ ಏರಿಸುತ್ತದೆ, ನಿಜ. ಹಾಗೆಂದು ಗೊಬ್ಬರದ ಮೂಟೆ ಬಿಚ್ಚಬೇಡಿ, ಅದಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ.