ಹೊಲಿಗೆ ಮಷೀನು ಕೊಂಡವರೂ ಗ್ರಾಹಕರೇ

ಓದುಗರ ಪತ್ರ: ನಾನು ಹಾವೇರಿ ಜಿಲ್ಲೆಯವಳು. ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಸಹಾಯಕ್ಕೆ ಪಕ್ಕದ ಮನೆಯ ಹುಡುಗಿ ಬರುತ್ತಾಳೆ. ಕಳೆದ ದೀಪಾವಳಿಗೆ ಹುಬ್ಬಳ್ಳಿಯ ಅಂಗಡಿಯಿಂದ 32,000 ರೂಪಾಯಿ ಕೊಟ್ಟು ಪವರ್ ಮಷೀನ್ ತಂದೆ. ಮೂರನೇ ವಾರಕ್ಕೇ ಹೊಲಿಗೆ ತಪ್ಪತೊಡಗಿತು. ದಾರ ತುಂಡಾಗುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಎರಡು ಸಲ ಮೆಕ್ಯಾನಿಕ್ ಬಂದರೂ ಸರಿಯಾಗಿಲ್ಲ. ಈಗ ಅಂಗಡಿಯವರು, “ಮಾರಿದ ಮಾಲು ವಾಪಸ್ ಇಲ್ಲ ಅಂತ ಬಿಲ್ಲಲ್ಲೇ ಇದೆ. ನೀವು ವ್ಯಾಪಾರಕ್ಕೆ ತಗೊಂಡಿದ್ದು, ಗ್ರಾಹಕರ ಕೋರ್ಟು ನಿಮಗೆ ಬರಲ್ಲ. ಬೇಕಾದರೆ ಧಾರವಾಡದಲ್ಲಿ ಕೇಸ್ ಹಾಕಿ” ಅನ್ನುತ್ತಾರೆ. ಮನೆಯವರು ಬಿಟ್ಟುಬಿಡು ಅನ್ನುತ್ತಿದ್ದಾರೆ. ಏನು ಮಾಡಲಿ? (ಹೆಸರು ಬೇಡ)

ಸಂಪಾದಕರ ಉತ್ತರ:

ನಮಸ್ಕಾರ ಸಹೋದರಿ. ಬಿಡಬೇಡಿ. ಅಂಗಡಿಯವರು ಹೇಳಿದ ಮೂರು ಮಾತಿನಲ್ಲಿ ಒಂದೂ ನಿಮ್ಮ ದಾರಿಗೆ ಅಡ್ಡ ಬರುವುದಿಲ್ಲ.

ಮೊದಲು “ವ್ಯಾಪಾರಕ್ಕೆ ತಗೊಂಡಿದ್ದು” ಎನ್ನುವ ಮಾತು. ನಿಮ್ಮಂಥವರನ್ನು ಹೆದರಿಸಲು ಹೆಚ್ಚಾಗಿ ಬಳಕೆಯಾಗುವುದು ಇದೇ. ಇದರಲ್ಲಿ ಅರ್ಧ ಸತ್ಯವಿದೆ. ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವರು ಗ್ರಾಹಕರಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಅಲ್ಲೇ ಕೆಳಗೆ ಒಂದು ವಿವರಣೆಯೂ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ವಸ್ತು ಕೊಂಡು ತಾನೇ ಬಳಸಿದರೆ, ಅದು ವಾಣಿಜ್ಯ ಉದ್ದೇಶ ಆಗುವುದಿಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಟೈಪ್‌ರೈಟರ್ ಕೊಂಡು ತಾನೇ ಟೈಪ್ ಮಾಡಿ ಬದುಕುವವನು, ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದಿತು. ಕೆಲಸದಲ್ಲಿ ಒಬ್ಬಿಬ್ಬರ ನೆರವು ಪಡೆದರೂ ಗ್ರಾಹಕನ ಸ್ಥಾನ ಹೋಗುವುದಿಲ್ಲ ಎಂದೂ ಹೇಳಿತು. ಹಾಗಾಗಿ ಪಕ್ಕದ ಮನೆಯ ಹುಡುಗಿ ಬರುವುದು ನಿಮಗೆ ತೊಡಕಲ್ಲ. ನೀವೇ ಹತ್ತು ಮಷೀನ್ ಹಾಕಿ, ಕೂಲಿಗೆ ಜನ ಇಟ್ಟು ಗಾರ್ಮೆಂಟ್ ನಡೆಸುತ್ತಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಆದರೆ ಇದನ್ನು ದೂರಿನಲ್ಲೇ ಬರೆಯಬೇಕು. “ಈ ಮಷೀನನ್ನು ನಾನೇ ಓಡಿಸುತ್ತೇನೆ, ನನ್ನ ಜೀವನೋಪಾಯಕ್ಕಾಗಿ ಕೊಂಡಿದ್ದೇನೆ” ಎಂಬ ಸಾಲು ತಪ್ಪದೆ ಇರಲಿ. ಆ ಒಂದು ಸಾಲು ಬಿಟ್ಟರೆ ಎದುರಿನವರ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಇನ್ನು ಬಿಲ್ಲಿನ ಮೇಲಿನ ಸಾಲು. ಎಷ್ಟೋ ಬಿಲ್ಲುಗಳಲ್ಲಿ ಅದು ಅಚ್ಚಾಗಿಯೇ ಬಂದಿರುತ್ತದೆ. ಜನ ಅದನ್ನು ಕಾನೂನು ಎಂದೇ ನಂಬಿಬಿಟ್ಟಿದ್ದಾರೆ. ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಎಂದರೆ ಅಂಗಡಿಯವರು ಒಲ್ಲೆ ಅನ್ನಬಹುದು. ದೋಷ ಇರುವ ಮಾಲಿನ ವಿಷಯವೇ ಬೇರೆ. ಅದನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಈಗ ಅನುಚಿತ ವ್ಯಾಪಾರ ಪದ್ಧತಿ. ಹಣ ವಾಪಸಿಗೆ ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನ ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಮಷೀನ್ ಕೆಟ್ಟಿದ್ದು ಮೂರನೇ ವಾರಕ್ಕೆ. ಆಗಲೇ ನೀವು ಅಂಗಡಿಗೆ ತಿಳಿಸಿದ್ದಕ್ಕೆ ವಾಟ್ಸಾಪ್ ಮೆಸೇಜು, ಫೋನ್ ಮಾಡಿದ ದಾಖಲೆ ಏನಾದರೂ ಇದ್ದರೆ ಅದೇ ನಿಮ್ಮ ದೊಡ್ಡ ಬಲ. ಅಳಿಸಬೇಡಿ. ಆ 30 ದಿನ ಕಳೆದಿದ್ದರೂ ದೋಷಕ್ಕಾಗಿ ದೂರು ಕೊಡುವ ಹಕ್ಕು ಹೋಗುವುದಿಲ್ಲ.

ಧಾರವಾಡದ ಮಾತಂತೂ ಹಳೆಯದು. 1986ರ ಕಾಯ್ದೆಯಲ್ಲಿ, ಸಾಮಾನ್ಯವಾಗಿ ಅಂಗಡಿ ಇರುವ ಜಿಲ್ಲೆಗೇ ಹೋಗಿ ಕೇಸ್ ಹಾಕಬೇಕಾದ ತೊಂದರೆ ಇತ್ತು. ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ (ಜನ ಗ್ರಾಹಕರ ಕೋರ್ಟು ಅನ್ನುವುದು ಇದಕ್ಕೇ) ದೂರು ಕೊಡಬಹುದು. ನಿಮಗೆ ಹಾವೇರಿಯೇ ಸಾಕು.

ಈಗ ಕೆಲಸಕ್ಕೆ ಬರೋಣ. ಮಷೀನನ್ನು ಬೇರೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಬೇಡಿ. ಬಿಚ್ಚಿದರೆ “ನೀವೇ ಕೆಡಿಸಿದ್ದೀರಿ” ಅನ್ನುತ್ತಾರೆ. ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆದು, ಓಡಿಸಿ ತೋರಿಸಿ, ಏನು ದೋಷ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಹೊಲಿಗೆ ತಪ್ಪುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಬಿಲ್, ವಾರಂಟಿ ಕಾರ್ಡ್, ಹಣ ಕೊಟ್ಟ ದಾಖಲೆ, ಮೆಕ್ಯಾನಿಕ್ ಬಂದಾಗ ಕೊಟ್ಟ ಚೀಟಿ ಎಲ್ಲವನ್ನೂ ಜೋಡಿಸಿ. ಇನ್ನೊಂದು ಇದೆ, ಇದನ್ನು ಬಹಳ ಜನ ಮರೆಯುತ್ತಾರೆ: ನಿಮ್ಮ ಅಳತೆ ಪುಸ್ತಕ. ಯಾರ ಬ್ಲೌಸು ಯಾವತ್ತು ಬಂತು, ಯಾವತ್ತು ಕೊಟ್ಟಿರಿ, ಯಾವ ಆರ್ಡರ್ ವಾಪಸ್ ಹೋಯಿತು ಎಂದು ಅದರಲ್ಲಿ ಇರುತ್ತದೆ, ಅಲ್ವಾ? ಮದುವೆ ಸೀಸನ್ನಿನಲ್ಲಿ ಆದ ನಷ್ಟಕ್ಕೂ, ಇದು ನಿಮ್ಮ ಸ್ವಂತ ದುಡಿಮೆ ಎನ್ನುವುದಕ್ಕೂ ಅದೇ ಸಾಕ್ಷಿ.

ಆಮೇಲೆ ಒಂದು ನೋಟಿಸ್ ಬರೆಯಿರಿ. ಕನ್ನಡದಲ್ಲೇ, ನಿಮ್ಮ ಮಾತಿನಲ್ಲೇ ಬರೆಯಿರಿ. ಯಾವತ್ತು ಕೊಂಡಿದ್ದು, ಏನಾಯಿತು, ಏನು ಬೇಕು, ಎಷ್ಟು ದಿನದೊಳಗೆ ಬೇಕು. 15 ದಿನ ಕೊಡಿ. ಹಣ ವಾಪಸ್ ಬೇಕೋ ಹೊಸ ಮಷೀನ್ ಬೇಕೋ ಎಂದು ಸ್ಪಷ್ಟವಾಗಿ ಹೇಳಿ. ಅಂಗಡಿಗೆ ಒಂದು, ಮಷೀನ್ ತಯಾರಿಸಿದ ಕಂಪನಿಗೆ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. ಅವರು ಆದೇಶ ಕೊಡಲಾರರು. ಆದರೆ ಕಂಪನಿಯ ಜೊತೆ ಮಾತನಾಡುತ್ತಾರೆ. ಕೆಲವು ಪ್ರಕರಣ ಅಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ದೂರಿನ ಜೊತೆ ಅಫಿಡವಿಟ್, ಅಂದರೆ ಬರೆದಿದ್ದೆಲ್ಲ ನಿಜ ಎಂದು ಪ್ರಮಾಣ ಮಾಡಿದ ಪತ್ರ ಬೇಕು. ಗ್ರಾಹಕ ಆಯೋಗಗಳ ಆನ್‌ಲೈನ್ ತಾಣವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ದೂರು ಸಲ್ಲಿಸಬಹುದು. ಕೇಳುವಾಗ ಮಷೀನಿನ ಹಣವನ್ನಷ್ಟೇ ಕೇಳಬೇಡಿ. ತಪ್ಪಿದ ದುಡಿಮೆ, ಪಟ್ಟ ಕಷ್ಟ, ಓಡಾಟದ ಖರ್ಚು ಎಲ್ಲಕ್ಕೂ ಪರಿಹಾರ ಕೇಳಿ. ಆದರೆ ಸುಮ್ನೆ ಲಕ್ಷಗಟ್ಟಲೆ ಬರೆಯಬೇಡಿ. ಲೆಕ್ಕ ತೋರಿಸಲು ಆಗುವಷ್ಟನ್ನೇ ಕೇಳಿ.

ಎದುರುದಾರರು ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಮಾಲಿನ ಪರೀಕ್ಷೆ ಬೇಕಿಲ್ಲದ ಪ್ರಕರಣವನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ನಿಜದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಇದು ನನಗೂ ಬೇಸರದ ಸಂಗತಿ. ದಿನದ ದುಡಿಮೆ ಬಿಟ್ಟು ಬರುವವರಿಗೆ ಒಂದೊಂದು ಮುಂದೂಡಿಕೆಯೂ ಭಾರ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಕೊಡಬಹುದು, ಕೇಳಿ ನೋಡಿ.

ಗೆದ್ದ ಮೇಲೂ ಹಣ ಕೊಡದಿದ್ದರೆ? ಅದಕ್ಕೂ ಕಲಂ ಇದೆ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದಂತೆ 1 ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ದೂರು ಕೊಡಲು ಇರುವುದು 2 ವರ್ಷ. ಮೆಕ್ಯಾನಿಕ್ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಕಾಯುತ್ತಾ ಆ ಕಾಲ ಕಳೆದುಕೊಂಡವರು ಬಹಳ ಜನ. ಈ ವಾರವೇ ನೋಟಿಸಿನ ಕರಡು ಬರೆದು, ಬಿಲ್ಲಿನ ಫೋಟೋ ಜೊತೆ ನಮಗೆ ಕಳುಹಿಸಿ. ತಿದ್ದಿ ವಾಪಸ್ ಕಳುಹಿಸುತ್ತೇವೆ.

– ಸಂಪಾದಕ